ಗರ್ಭಿಣಿಯ ಗಂಡನ ಗುಂಗುರು ತಲೆ

ತಲೆಯ ಮೇಲೆ ಒಂದು ಪೊದೆ ಹೊತ್ತುಕೊಂಡು ತಿರುಗುವವನು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಬರುತ್ತವೆ.

ಮದುವೆಯಾಗಿ ಎಂಟು ವರ್ಷದ ಮೇಲೆ ನನ್ನ ಹೆಂಡತಿ ಬಸುರಿಯಾದಳು. ಗರ್ಭಿಣಿಯ ಗಂಡ ಕ್ಷೌರ ಮಾಡಿಸಬಾರದೆಂಬುದು ನಮ್ಮ ಮನೆಯ ಕಟ್ಟಳೆ. "ಮಗು ಹುಟ್ಟಿ ಹನ್ನೊಂದನೆಯ ದಿನದವರೆಗೆ ಕತ್ತರಿ ತಾಗಿಸಬೇಡ ಮಗಾ, ಇದೊಂದು ನೆಟ್ಟಗೆ ನಡೆಸು" ಎಂದು ಊರಿನಿಂದ ಅಮ್ಮ ಫೋನಿನಲ್ಲಿ ಹೇಳಿದರು. ನಾನು ದೇವರ ಮುಂದೆ ಕೈಮುಗಿದು ಒಪ್ಪಿಕೊಂಡೆ. ಚಿಕ್ಕಂದಿನಿಂದ ಬುಡಕ್ಕೆ ಕತ್ತರಿಸಿಕೊಂಡೇ ಬಂದವನು ನಾನು. ನನ್ನ ಕೂದಲು ಬೆಳೆದರೆ ಕೆಳಗಿಳಿಯುವುದಿಲ್ಲ, ಸುತ್ತಲೂ ಹರಡುತ್ತದೆ ಎಂಬುದು ನನಗೇ ತಿಳಿದಿರಲಿಲ್ಲ.

ಪೆನ್ನುಗಳು

ಒಮಾನ್ ದೇಶದ ಸೀಬ್‌ನ ಒಂದು ಕಂಪನಿಯಲ್ಲಿ ನಾನು ಸ್ಟೋರ್‌ಕೀಪರ್. ಕೈಯಲ್ಲಿ ಸಾಮಾನು ಇದ್ದಾಗ ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸುವುದು ನನ್ನ ಹಳೆಯ ಅಭ್ಯಾಸ. ನಾಲ್ಕನೆಯ ತಿಂಗಳಿನಿಂದ ಪೆನ್ನುಗಳು ಕಾಣೆಯಾಗತೊಡಗಿದವು. ನಾನು ಸಹೋದ್ಯೋಗಿಗಳನ್ನೆಲ್ಲ ಮನಸ್ಸಿನಲ್ಲೇ ಸಂಶಯಿಸಿದೆ.

ಒಂದು ಶುಕ್ರವಾರ ಪೂಜೆ ಮುಗಿಸಿ ದೇವರಿಗೆ ಅಡ್ಡಬಿದ್ದೆ. ದೀಪದ ಮುಂದೆ ಮೂರು ಪೆನ್ನು ಉದುರಿದವು.

ಹೆಂಡತಿ ಹಿಂದಿನಿಂದ, "ಕೇಳಿಕೊಂಡದ್ದು ಮಗುವನ್ನಲ್ಲವಾ ಮಾರಾಯ್ರೆ?" ಎಂದಳು.

ರೇಷ್ಮೆ

ಪೊದೆಯನ್ನು ಸಾಕುವುದು ಹೇಗೆಂದು ಕಲಿಸಿದವನು ನಮ್ಮ ಕಂಪನಿಯ ಬಸ್ ಡ್ರೈವರ್. ಒಮಾನಿ; ಅವನ ಅಜ್ಜಂದಿರು ಆಫ್ರಿಕಾದ ಜಂಜಿಬಾರಿನಿಂದ ಬಂದವರು. ಅವನದೂ ನನ್ನಂಥದೇ ತಲೆ, ನನಗಿಂತ ಶಿಸ್ತಿನದು. ನಾನು ಸಣ್ಣ ಬಾಚಣಿಗೆಯಿಂದ ಒಣಗೂದಲು ಜಗ್ಗುವುದನ್ನು ಕಂಡು ಅವನಿಗೆ ಸಂಕಟವಾಯಿತು. "ಭಾಯಿ, ಅದು ಹುಲ್ಲಲ್ಲ. ಮೊದಲು ನೀರು ಚಿಮುಕಿಸು, ಎಣ್ಣೆ ಹಚ್ಚು, ದೊಡ್ಡ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಬಿಡಿಸುತ್ತಾ ಮೇಲೆ ಹೋಗು. ಮಲಗುವಾಗ ರೇಷ್ಮೆ ಸುತ್ತಿಕೋ" ಎಂದು ಹಿಂದಿಯಲ್ಲಿ ತಿಳಿಸಿದ.

ಮನೆಯಲ್ಲಿದ್ದ ರೇಷ್ಮೆಯೆಂದರೆ ಹೆಂಡತಿಯ ರವಿಕೆಗೆ ತೆಗೆದಿಟ್ಟ ಜರಿಯಂಚಿನ ಕಣ. ಅದನ್ನೇ ಸುತ್ತಿ ಮಲಗಿದೆ. ಬೆಳಿಗ್ಗೆ ಅಮ್ಮನ ವಿಡಿಯೋ ಕಾಲ್ ಬಂತು. ಅವರು ಕನ್ನಡಕ ಹಾಕಿಕೊಂಡು ಫೋನಿನ ಹತ್ತಿರಕ್ಕೆ ಬಂದರು.

"ಬಯಕೆ ಬಸುರಿಗೆ ಮಗಾ. ನಿನಗೆಂತ ಇದು?"

ಹೆಲ್ಮೆಟ್

ಏಳನೆಯ ತಿಂಗಳಲ್ಲಿ ದುಕ್ಮ್ ಎಂಬ ಊರಿನಲ್ಲಿ ಕಂಪನಿ ಕಟ್ಟಡ ಕಟ್ಟುತ್ತಿದ್ದ ಸೈಟಿಗೆ ಹೋಗಬೇಕಾಯಿತು. ಹೆಲ್ಮೆಟ್ ನನ್ನ ತಲೆಯ ಮೇಲೆ ಕೂರಲಿಲ್ಲ. ಕೈಬಿಟ್ಟ ಕೂಡಲೇ ಪುಟಿಯಿತು. ಸೇಫ್ಟಿ ಆಫೀಸರ್ ಬಕ್ಕತಲೆಯವರು. "ಕತ್ತರಿಸಿ ಬನ್ನಿ. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ" ಎಂದರು. ಒಳಗೆ ಹೋಗದಿದ್ದರೆ ಕೆಲಸಕ್ಕೆ ಕುತ್ತು. ಕತ್ತರಿಸಿದರೆ ಅಮ್ಮನಿಗೆ ಕೊಟ್ಟ ಮಾತು ಹೋಯಿತು. ಮಗುವಿಗೆ ಏನಾದರೂ ಆದರೆ ಎಂಬ ಭಯ ಬೇರೆ.

ನಮ್ಮನ್ನು ಕರೆತಂದಿದ್ದ ಡ್ರೈವರ್ ನನ್ನನ್ನು ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿದ. ತನ್ನ ಮೂರು ಹೆಣ್ಣುಮಕ್ಕಳ ತಲೆ ಹೆಣೆದ ಕೈ ಅದು. ಅರ್ಧ ಗಂಟೆಯಲ್ಲಿ ನೆತ್ತಿಗೆ ಅಂಟಿದಂತೆ ಸಾಲು ಸಾಲು ಜಡೆ ಹಾಕಿದ. ಹೆಲ್ಮೆಟ್ ಸುಖವಾಗಿ ಕೂತಿತು. ನೋಡುತ್ತಿದ್ದ ಕೆಲಸಗಾರರು "ಮುಂದಿನ ನಂಬರ್ ನನ್ನದು" ಎಂದು ಸಾಲು ನಿಂತರು.

ಸಾಲಿನ ಕೊನೆಯಲ್ಲಿ ಸೇಫ್ಟಿ ಆಫೀಸರೂ ಇದ್ದರು. ಯಾವ ಆಸೆಯಿಂದ ನಿಂತಿದ್ದರೋ ದೇವರೇ ಬಲ್ಲ.

ಅಪ್ಪ

ದಿನ ತುಂಬುವ ಮೊದಲೇ ಗಂಡುಮಗು ಹುಟ್ಟಿತು. ತೂಕ ಕಡಿಮೆಯೆಂದು ತಾಯಿ ಮಗುವನ್ನು ಎರಡು ವಾರ ಆಸ್ಪತ್ರೆಯಲ್ಲೇ ಇಟ್ಟರು. ಮೊದಲ ಹತ್ತು ದಿನವೂ ಹೋಗಿ ನೋಡಿ ಬಂದೆ. ಗೇಟಿನ ಕಾವಲುಗಾರ ನನ್ನ ಪಾಸನ್ನು ಕೇಳುತ್ತಿರಲಿಲ್ಲ. ದೂರದಿಂದ ತಲೆ ಕಂಡರೆ ಸಾಕು, ಬಾಗಿಲು ತೆರೆಯುತ್ತಿದ್ದ.

ಹನ್ನೊಂದನೆಯ ದಿನ ಬೆಳಿಗ್ಗೆ ಕ್ಷೌರ ಮಾಡಿಸಿ, ಸ್ನಾನ ಮಾಡಿ, ಹಗುರಾದ ತಲೆಯಲ್ಲಿ ಗೇಟಿಗೆ ಬಂದೆ. ಪಾಸು ಮನೆಯಲ್ಲಿತ್ತು.

"ಯಾರು ನೀವು?"

"ಮಗುವಿನ ತಂದೆ."

"ಆ ತಂದೆ ನನಗೆ ಗೊತ್ತು. ಈಗಷ್ಟೇ ಮೇಲೆ ಹೋದರು."

ಹೆಂಡತಿಗೆ ಫೋನ್ ಮಾಡಿದೆ. "ನಿಮ್ಮ ಡ್ರೈವರ್ ಹಲ್ವ ತಂದಿದ್ದಾರೆ. ಹೊಸ ನರ್ಸ್ ಮಗುವನ್ನು ಅವರ ಕೈಗೆ ಕೊಟ್ಟು, ಅಪ್ಪನದೇ ಕೂದಲು ಅಂದಳು. ನೀವೆಲ್ಲಿ ಸತ್ತಿರಿ?"

"ಗೇಟಿನಲ್ಲಿ."

ಡ್ರೈವರ್ ಕೆಳಗಿಳಿದು ಬಂದ. ನನ್ನದೇ ಕಂಪನಿಯ ನೀಲಿ ಅಂಗಿ, ನಿನ್ನೆಯವರೆಗಿನ ನನ್ನದೇ ತಲೆ. ನನ್ನ ಹೆಗಲ ಮೇಲೆ ಕೈಯಿಟ್ಟು, "ಇವನು ನಮ್ಮವನೇ, ಬಿಡು" ಎಂದ.

ಕಾವಲುಗಾರ ಬಾಗಿಲು ತೆರೆದ. "ಮಗುವಿನ ತಂದೆಯೇ ಹೇಳಿದ ಮೇಲೆ ನನ್ನದೇನಿದೆ? ಹೋಗಿ, ಐದು ನಿಮಿಷ ನೋಡಿ ಬನ್ನಿ."