ಇಳಿಯದ ಷಡ್ಜ

ನನ್ನ ಸೋದರಮಾವನಿಗೆ ಈ ಲೋಕದಲ್ಲಿ ಇಬ್ಬರ ಮೇಲೆ ಮಾತ್ರ ನಂಬಿಕೆ: ಒಂದು ಷಡ್ಜ, ಇನ್ನೊಂದು ಪಂಚಮ! "ರಿ, ಗ, ಮ, ಧ, ನಿ ಎಲ್ಲ ರಾಗ ಬದಲಾದ ಹಾಗೆ ಬಣ್ಣ ಬದಲಿಸ್ತವೆ. ಸ, ಪ ಮಾತ್ರ ಆಡಿದ ಮಾತಿಗೆ ತಪ್ಪುವುದಿಲ್ಲ" ಎನ್ನುತ್ತಾರೆ. ನೆಂಟರಾದ ನಾವೆಲ್ಲ ಯಾವ ಗುಂಪಿಗೆ ಸೇರಿದವರೆಂದು ಬೇರೆ ಹೇಳಬೇಕೇ?

ಫರಂಗಿಪೇಟೆಯಲ್ಲಿ ಅವರದೊಂದು ಹೋಟೆಲು. ಗಲ್ಲಾದ ಮೇಲೆ ದೇವರ ಪಟದ ಪಕ್ಕ ಶ್ರುತಿಪೆಟ್ಟಿಗೆ ದಿನವಿಡೀ ಗುಂಯ್‌ಗುಡುತ್ತದೆ. ಸಪ್ಲೈಯರ್ "ಎರಡು ಬನ್ಸ್!" ಎಂದು ಕೂಗುವುದೂ ಪಂಚಮದಲ್ಲೇ ಆಗಬೇಕು, ತಪ್ಪಿದರೆ ಮತ್ತೊಮ್ಮೆ ಕೂಗಬೇಕು. ಒಮ್ಮೆ ಲಾರಿ ಡ್ರೈವರೊಬ್ಬ ಕೈಮುಗಿದ: "ಮಾರಾಯ್ರೇ, ಪಂಚಮ ಆಮೇಲೆ ನೋಡುವ, ಮೊದಲು ಬನ್ಸ್ ಕೊಡಿ!"

ಚಟ್ನಿಗೆ ಮಿಕ್ಸಿ ತರಲು ಮೂಡುಬಿದಿರೆಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಅಂಗಡಿಯವ ವಾರಂಟಿ ವಿವರಿಸುತ್ತಿದ್ದರೆ ಇವರು ಕಣ್ಣುಮುಚ್ಚಿ ಒಂದೊಂದೇ ಮಿಕ್ಸಿಯ ಷಡ್ಜ ಹುಡುಕುತ್ತಿದ್ದರು! ಕೊನೆಗೆ ಶ್ರುತಿ ಕೂಡಿದ್ದನ್ನೇ ತಂದದ್ದಾಯಿತು. ಅದು ತೆಂಗಿನಕಾಯಿ ಅರೆಯುವುದಿಲ್ಲ, ಬರೀ ಹಾಡುತ್ತದೆ.

ಇಂಥ ಪಂಡಿತರು ಭಜನೆಯಲ್ಲಿ ಬಾಳಿಕೆ ಬಂದಾರೆಯೇ? ವಾಮದಪದವು ಊರಿನ ಭಜನೆಯಲ್ಲಿ ಹಾರ್ಮೋನಿಯಂನವರು, "ಸ್ವಲ್ಪ ಶ್ರುತಿ ಇಳಿಸುವ, ಹೆಂಗಸರಿಗೆ ಎತ್ತರ ಆಗ್ತದೆ" ಎಂದದ್ದೇ ತಡ, "ಷಡ್ಜ ಅಚಲ! ಇಳಿಯುವುದಿಲ್ಲ!" ಎಂದು ಎದ್ದೇ ಬಂದರು. ಷಡ್ಜ ಅಚಲವೇ ಹೌದು. ಆದರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬುದು ಹಾಡುವವರ ಗಂಟಲಿಗೆ ಬಿಟ್ಟದ್ದು ಎಂದು ಮೊದಲ ದಿನವೇ ಕಲಿಸುತ್ತಾರೆ. ಮಾವ ಆ ದಿನ ಪಾಠಕ್ಕೆ ರಜೆ ಹಾಕಿರಬೇಕು!

ಇದರ ಫಲ ಉಂಡವರು ಅತ್ತೆ. ಸಂಜೆ ದೀಪ ಹಚ್ಚಿ ತಗ್ಗು ದನಿಯಲ್ಲಿ ಹಾಡಿಕೊಳ್ಳುವುದು ಅವರ ಅಭ್ಯಾಸ. ಜಗಲಿಯಿಂದ ಮಾವನ ತೀರ್ಪು ತಪ್ಪದೆ ಬರುತ್ತಿತ್ತು: "ಅಪಸ್ವರ!" ಅತ್ತೆಯೂ ಬಿಡುವವರಲ್ಲ: "ನಿಮ್ಮ ಷಡ್ಜಕ್ಕೆ ನಾನು ಏಣಿ ಇಟ್ಟು ಹತ್ತಬೇಕಾ?"

ಕಳೆದ ವರ್ಷ ಥೈರಾಯ್ಡ್ ಆಪರೇಷನ್ ಆಗಿ ಅತ್ತೆಯ ದನಿ ಹೋಯಿತು. ದಿನಾ ಸ್ವಲ್ಪ ಸ್ವರ ಹೊರಡಿಸಿದರೆ ಮರಳೀತು ಎಂದರು ಡಾಕ್ಟರು. ಅತ್ತೆ ಬಾಯಿಯೇ ತೆರೆಯಲಿಲ್ಲ. ಹೊರಡುತ್ತಿದ್ದ ಗೊಗ್ಗರು ಸದ್ದಿಗೆ ಅವರಿಗೇ ನಾಚಿಕೆ, ಎಲ್ಲಕ್ಕೂ ಕೈಸನ್ನೆ. ಹೋಟೆಲಿನಲ್ಲಿ ಬನ್ಸ್ ಯಾವ ಸ್ವರದಲ್ಲಿ ಬಂದರೂ ಮಾವ ತಲೆ ಎತ್ತುತ್ತಿರಲಿಲ್ಲ. ಗಲ್ಲಾದ ಮೇಲೆ ಪೆಟ್ಟಿಗೆಯೂ ಇರಲಿಲ್ಲ. ಇಷ್ಟು ದಿನ ನಗಾಡಿದ ನನಗೇ ಆ ಮೌನ ತಡೆಯಲಾಗಲಿಲ್ಲ.

ಒಂದು ಸಂಜೆ ಅವರ ಮನೆಗೆ ಹೋದೆ. ದೀಪದೆದುರು ಅತ್ತೆ, ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ಮಾವ. ತಿರುಪು ತಿರುಗಿಸಿ ಶ್ರುತಿ ಇಳಿಸುತ್ತಿದ್ದರು, ತಮ್ಮ ಗಂಟಲಿಗೆ ಎಂದೂ ಎಟುಕದಷ್ಟು ಕೆಳಕ್ಕೆ.

"ಸಾಕಾ? ಇನ್ನೂ ಇಳಿಸ್ಬೇಕಾ?"

ಅತ್ತೆ ಕೈಯಲ್ಲೇ 'ಇನ್ನೂ' ಎಂದರು. ಮಾವ ಇಳಿಸಿದರು. ಅತ್ತೆ ಕಣ್ಣುಮುಚ್ಚಿ ಉಸಿರೆಳೆದುಕೊಂಡರು: "ಸಾ..." ಒಡಕು ದನಿ, ಪೆಟ್ಟಿಗೆಯ ಸ್ವರಕ್ಕೆ ಸೇರಲೇ ಇಲ್ಲ. ಅಳುಕುತ್ತ ಗಂಡನ ಮುಖ ನೋಡಿದರು.

ಮಾವ ಕಣ್ಣೊರೆಸಿಕೊಂಡು ಮತ್ತೆ ತಿರುಪಿಗೆ ಕೈಹಾಕಿದರು. "ನೀನು ಹಾಗೇ ಹಿಡಿ, ನಿಲ್ಲಿಸ್ಬೇಡ. ಈ ಪೆಟ್ಟಿಗೆಯೇ ಅಪಸ್ವರ."