ಅಕ್ಕೋರು ಒಬ್ಬರೇ ಸಾಕ್ರಿ

ಬಾಗಿಲಿಗೆ ಬಂದು ಪ್ರಶ್ನೆ ಕೇಳುವವರನ್ನು ಕಂಡರೆ ಲೋಕದ ಜನಕ್ಕೆಲ್ಲ ಇದ್ದಕ್ಕಿದ್ದಂತೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ಜನಗಣತಿಯವರು, ಮತದಾರರ ಪಟ್ಟಿಯವರು, ಮನೆಯಲ್ಲಿ ಯಾರಿಗಾದರೂ ಜ್ವರವೇ ಎಂದು ಕೇಳಿ ಗೋಡೆಯ ಮೇಲೆ ಗೀಚಿ ಹೋಗುವ ಮಲೇರಿಯಾದವರು, ಯಾರೇ ಬರಲಿ, ಜನ ಅರ್ಧ ಬಾಗಿಲು ತೆರೆದು ಅರ್ಧ ಉತ್ತರ ಕೊಟ್ಟು ಕಳಿಸಿಬಿಡುತ್ತಾರೆ. ನನ್ನ ಸ್ವಭಾವ ಇದಕ್ಕೆ ಉಲ್ಟಾ. ಅವರು ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ ನಾನು ಚಹಾಕ್ಕೆ ನೀರಿಟ್ಟಿರುತ್ತೇನೆ. 'ಮನೆಯಲ್ಲಿ ಎಷ್ಟು ಜನ?' ಎಂದು ಕೇಳಿದರೆ 'ಒಬ್ಬಳೇ' ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸುವುದಿಲ್ಲ. ಒಬ್ಬಳೇ ಯಾಕೆ, ಗದಗಿನಲ್ಲಿರುವ ಅಣ್ಣ ಏನು ಮಾಡುತ್ತಾನೆ, ಅತ್ತಿಗೆಯ ಮಂಡಿನೋವು ಎಲ್ಲಿಗೆ ಬಂತು ಎಲ್ಲವನ್ನೂ ಸವಿಸ್ತಾರವಾಗಿ ಹೇಳುತ್ತೇನೆ. ಪಾಪ, ಮಲೇರಿಯಾದವನು ನನ್ನ ಓಣಿಯನ್ನು ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತಾನೆಂದು ಈಚೆಗೆ ತಿಳಿಯಿತು.

ಇದಕ್ಕೆ ಕಾರಣ ನನ್ನ ನೌಕರಿ. ನಾನು ಏಕೋಪಾಧ್ಯಾಯ ಶಾಲೆಯ ಶಿಕ್ಷಕಿ. ಅಂದರೆ ಆ ಶಾಲೆಗೆ ಮುಖ್ಯೋಪಾಧ್ಯಾಯಿನಿ ನಾನೇ, ಸಹಶಿಕ್ಷಕಿ ನಾನೇ, ಗಂಟೆ ಹೊಡೆಯುವವಳೂ ನಾನೇ. ಎಂಬತ್ತರ ದಶಕದ ಆರಂಭದಲ್ಲಿ ನೇಮಕದ ಆದೇಶ ಕೈಗೆ ಬಂದು ಅದರಲ್ಲಿ 'ತೋಟದ ಶಾಲೆ' ಎಂಬ ಮಾತು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಡುವೆ ಗುಲಾಬಿ, ಸುತ್ತ ಮಲ್ಲಿಗೆ, ಮಾವಿನ ಮರದಡಿಯಲ್ಲಿ ಮಕ್ಕಳು ಎಂದು ಕಲ್ಪಿಸಿಕೊಂಡು ಎರಡು ಹೊಸ ಸೀರೆ ಕೊಂಡೆ. ಉಗಾರ ಖುರ್ದದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು, ಅಥಣಿ ಬಸ್ಸು ಹತ್ತಿ, ಕೈಮರದ ಬಳಿ ಇಳಿದು ಕೆಸರಿನಲ್ಲಿ ನಡೆದು ಹೋಗಿ ನೋಡಿದರೆ ಅಲ್ಲಿದ್ದದ್ದು ಬರೀ ಕಬ್ಬು. ಈ ಕಡೆಯ ರೈತರು ಊರಲ್ಲಿ ಒತ್ತಿಕೊಂಡು ಇರುವವರಲ್ಲ, ತಮ್ಮ ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಅದಕ್ಕೇ ತೋಟ ಎನ್ನುತ್ತಾರೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಬ್ಬು, ಎಲ್ಲ ಮನೆಗೂ ನನ್ನ ಶಾಲೆಗೂ ನಡುವೆ ಕಬ್ಬು. ಅದು ಎದ್ದು ನಿಂತಿತೆಂದರೆ ಶಾಲೆಯ ಹಂಚು ಕೂಡ ಮುಚ್ಚಿಹೋಗುತ್ತದೆ. ದೀಪಾವಳಿ ಕಳೆದು ಕಟಾವು ಆಗುವತನಕ ಬಾಗಿಲಲ್ಲಿ ನಿಂತರೆ ಒಂದು ಮನುಷ್ಯ ಮುಖ ಕಾಣುವುದಿಲ್ಲ. ಎಲ್ಲೋ ಪಂಪಿನ ಸದ್ದು ಕೇಳುತ್ತದೆ, ಯಾರೋ ಎಮ್ಮೆಯನ್ನು ಬೈಯುವುದು ಕೇಳುತ್ತದೆ, ಅಷ್ಟೇ.

ಮಕ್ಕಳಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ, ನಾಲ್ಕು ಗೋಡೆಗೆ ಮುಖ ಮಾಡಿ ಕೂತಿರುತ್ತವೆ. ನಾಲ್ಕನೆಯ ತರಗತಿಗೆ ಭಾಗಾಕಾರ ಹೇಳುತ್ತ, ಮೂರಕ್ಕೆ ಶುದ್ಧಬರಹ ಹಚ್ಚಿ, ಎರಡರಿಂದ ಮಗ್ಗಿ ಹೇಳಿಸುತ್ತ, ಒಂದನೆಯ ತರಗತಿಯ ಮೂಗು ಒರೆಸುವುದು ನನ್ನ ಬೋಧನಾ ಪದ್ಧತಿ. ಆದರೆ ಮಕ್ಕಳ ಮಾತು ಎಷ್ಟು ಹೊತ್ತು? 'ಅಕ್ಕೋರ, ಇವ ನನ್ನ ಪಾಟಿ ಮುರದಾನ್ರಿ', 'ಅಕ್ಕೋರ, ಹೊರಗ ಹೋಗ್ಲ್ಯಾ?' ವರ್ಷಗಟ್ಟಲೆ ಇದನ್ನೇ ಕೇಳಿ ಇದಕ್ಕೇ ಉತ್ತರ ಕೊಟ್ಟು ನನಗೆ ದೊಡ್ಡವರೊಡನೆ ಮಾತಾಡುವ ರೂಢಿಯೇ ತಪ್ಪಿತು. ಒಮ್ಮೆ ಬ್ಯಾಂಕಿನಲ್ಲಿ ನನ್ನ ಪಾಸ್‌ಬುಕ್ಕು ತುಂಬಿ ಕೊಟ್ಟ ನಡುವಯಸ್ಸಿನ ಗುಮಾಸ್ತರಿಗೆ 'ಶಾಣ್ಯಾ, ಅಕ್ಷರ ಭಾಳ ದುಂಡಗ ಬರೀತೀ' ಎಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಸ್ವಲ್ಪ ಖುಷಿಯೇ ಆದಂತೆ ಕಂಡಿತು. ಬಸ್ಸಿನಲ್ಲಿ ಟಿಕೆಟ್ಟಿನ ದರ ಗೊತ್ತಿದ್ದರೂ ದಿನಾ ಕಂಡಕ್ಟರನನ್ನು ಕೇಳುತ್ತಿದ್ದೆ. ಅವನು ಹೇಳುತ್ತಿದ್ದ. ಅದು ನನ್ನ ದಿನದ ಸಂಭಾಷಣೆ.

ಹೀಗಿರುವಾಗ ನನ್ನ ಜೀವನದ ಆಸೆ ಒಂದೇ ಒಂದಾಗಿತ್ತು: ಶಾಲೆಗೆ ಎರಡನೆಯ ಶಿಕ್ಷಕರೊಬ್ಬರು ಬರಬೇಕು. ಮಕ್ಕಳ ಅಭಿವೃದ್ಧಿಗಾಗಿ ಎಂದು ಅರ್ಜಿಯಲ್ಲಿ ಬರೆಯುತ್ತಿದ್ದೆ, ಅದು ಸುಳ್ಳೂ ಅಲ್ಲ. ಆದರೆ ನನಗೆ ಬೇಕಾಗಿದ್ದದ್ದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಎದುರು ಕೂತು 'ಏನ್ ಪಲ್ಯಾ ರೀ ಇವತ್ತ?' ಎಂದು ಕೇಳುವ ಒಂದು ಜೀವ. ಮರುದಿನವೂ ಬದನೆಕಾಯಿ ಪಲ್ಯವೇ ಆಗಿದ್ದರೆ 'ನಿನ್ನೆನೂ ಇದೇ ಇತ್ತಲ್ರಿ' ಎಂದು ನೆನಪಿಟ್ಟು ಹೇಳುವವರು.

ಆಗ ಬಂದವರು ಪ್ರಭಾಕರ. ಧಾರವಾಡದ ಕಡೆಯ ಯಾವುದೋ ಸಂಶೋಧನಾ ಸಂಸ್ಥೆಯವರು. ಹೆಗಲಿಗೆ ಬಟ್ಟೆಯ ಚೀಲ, ಜಾರುವ ಕನ್ನಡಕ, ಕಬ್ಬಿನ ಗರಿ ಕೊಯ್ದು ಕೆಂಪಾದ ಕೈ. ಗಡಿಭಾಗದ ಸರಕಾರಿ ಶಾಲೆಗಳು ಹೇಗೆ ನಡೆಯುತ್ತವೆ, ಹಣ ಎಲ್ಲಿಂದ ಬರುತ್ತದೆ, ಊರವರ ಸಮಿತಿ ಏನು ಮಾಡುತ್ತದೆ, ಮಕ್ಕಳು ನಡುವೆಯೇ ಯಾಕೆ ಬಿಡುತ್ತಾರೆ ಎಂದು ಅಭ್ಯಾಸ ಮಾಡುತ್ತಿದ್ದರು. ಇಷ್ಟು ದಿನ ಸರಕಾರ ಕುರುಡಾಗಿ ಹಣ ಹಂಚಿದೆ, ನಿಜ ಸ್ಥಿತಿ ವರದಿಯಲ್ಲಿ ಬಂದರೆ ಬೇಕಾದ ಕಡೆಗೆ ಹಣ ಹೋಗುತ್ತದೆ, ಬೇಕಾದ ಕಡೆಗೆ ಶಿಕ್ಷಕರೂ ಹೋಗುತ್ತಾರೆ ಎಂದರು. ಆ ಕೊನೆಯ ಮಾತು ಕೇಳಿ ಅವರಿಗೆ ಮತ್ತೊಂದು ಬಟ್ಟಲು ಚಹಾ ಬಗ್ಗಿಸಿದೆ.

ಒಂದು ದಿನದ ಕೆಲಸಕ್ಕೆ ಬಂದ ಮನುಷ್ಯನನ್ನು ನಾನು ಮೂರು ದಿನ ನಡೆಸಿದೆ. ಅವರದು ಹೌದು ಅಥವಾ ಇಲ್ಲ ಎನ್ನಬೇಕಾದ ಪ್ರಶ್ನೆಗಳು. ಸಮಿತಿಯ ಸಭೆ ನಿಯಮಿತವಾಗಿ ನಡೆಯುತ್ತದೆಯೇ ಎಂದರು. ಇದಕ್ಕೆ ಹೌದು ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ನಮ್ಮ ಶಾಲಾ ಸುಧಾರಣಾ ಸಮಿತಿ ಒಂದು ಕಡೆ ಕೂತದ್ದನ್ನು ನಾನು ಕಂಡಿರಲಿಲ್ಲ. ಠರಾವು ಬರೆದುಕೊಂಡು ನಾನೇ ಹೊಲಹೊಲ ತಿರುಗಬೇಕು. ಒಬ್ಬರು ನೀರು ಹಾಯಿಸುತ್ತ ಬದುವಿನ ಮೇಲೆ ಸಹಿ ಮಾಡುತ್ತಾರೆ, ಒಬ್ಬರು ಟ್ರ್ಯಾಕ್ಟರಿನ ಮೇಲಿಂದ ಬಗ್ಗಿ ಮಾಡುತ್ತಾರೆ, ಕುರಿ ಕಾಯುವ ಬಾಳವ್ವ ಹೆಬ್ಬೆಟ್ಟು ಒತ್ತಬೇಕೆಂದರೆ ಅವಳ ಕುರಿ ಎಲ್ಲಿ ಮೇಯುತ್ತಿವೆ ಎಂದು ಮೊದಲು ಪತ್ತೆ ಹಚ್ಚಬೇಕು. ಇದನ್ನೆಲ್ಲ ಹೇಳುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಗುತ್ತಿತ್ತು. ಪ್ರಭಾಕರ ಗಡಿಯಾರ ನೋಡಿಕೊಂಡರೆ, ಉಳಿದದ್ದು ನಾಳೆ ಹೇಳುತ್ತೇನೆ ಎನ್ನುತ್ತಿದ್ದೆ. ಅವರು ಪಾಪ, ಬರುತ್ತಿದ್ದರು. ಮೂರನೆಯ ದಿನ ಬುತ್ತಿ ಬಿಚ್ಚಿದಾಗ 'ಇವತ್ತೂ ಬದನೀಕಾಯಿ ಏನ್ರಿ?' ಎಂದರು. ಆ ಒಂದು ಮಾತಿಗೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಎದ್ದು ಹೋದೆ.

ಎರಡನೆಯ ಶಿಕ್ಷಕರ ಅಗತ್ಯವನ್ನು ನಾನು ಎಷ್ಟು ಹೇಳಿದರೂ ಸಾಲದು, ಊರವರ ಬಾಯಿಂದಲೂ ಬರಬೇಕು ಎಂದು ಅವರು ಮೊದಲೇ ಹೇಳಿದ್ದರು. ಆ ಮೂರನೆಯ ದಿನ ಬೆಳಿಗ್ಗೆ ಬರುವಾಗ ದಾರಿಯಲ್ಲಿ ಕಂಡ ದೃಶ್ಯವನ್ನು ನನ್ನ ಕಣ್ಣೇ ನಂಬಲಿಲ್ಲ. ಸಮಿತಿಯ ಅಧ್ಯಕ್ಷರು ಸಾತಪ್ಪ ಕಾಕಾ. ಶಾಲೆಗೆ ಜಾಗ ಕೊಟ್ಟವರು ಅವರ ತಂದೆ, ಹೀಗಾಗಿ ಅಧ್ಯಕ್ಷ ಪದವಿ ಮನೆತನದ ಆಸ್ತಿ. ಅವರ ದನದ ಕೊಟ್ಟಿಗೆಯ ಮುಂದೆ ಸಮಿತಿ ಪೂರ್ತಿಯಾಗಿ ಕೂತಿತ್ತು! ಬಾಳವ್ವ ಕೂಡ ಕುರಿ ಬಿಟ್ಟು ಬಂದಿದ್ದಳು. ನನ್ನನ್ನು ಕಂಡು ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸಿ ನಮಸ್ಕಾರ ಮಾಡಿದರು. ಸಂಶೋಧನೆ ಅಂದರೆ ಸಾಮಾನ್ಯವೇ, ವರದಿ ಬರುವ ಮೊದಲೇ ಆಡಳಿತ ಸುಧಾರಿಸಿತು ಎಂದುಕೊಂಡು ಹಿಗ್ಗಿದೆ. ನನಗಾಗಿ ಇಷ್ಟು ಜನ ಕೂಡಿದರಲ್ಲ ಎಂದು ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬಂದೆ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಪ್ರಭಾಕರ ಅವರನ್ನೆಲ್ಲ ಕೂಡಿಸಿಕೊಂಡರು. ನಾನು ಒಳಗೆ ಮಗ್ಗಿ ಹೇಳಿಸುತ್ತ ಕಿಟಕಿಗೆ ಕಿವಿ ಕೊಟ್ಟಿದ್ದೆ. ಶಾಲೆಗೆ ಇನ್ನೊಬ್ಬ ಶಿಕ್ಷಕರು ಬೇಕೇ ಎಂಬ ಪ್ರಶ್ನೆ ಬಂತು. ಮಕ್ಕಳಿಗೆ ಸುಮ್ಮನಿರಲು ಕೈ ಮಾಡಿದೆ. ಸಾತಪ್ಪ ಕಾಕಾ ತಲೆಯ ಪಟಕಾ ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು: 'ಏನೂ ಬ್ಯಾಡ್ರಿ. ನಮ್ಮ ಅಕ್ಕೋರು ಒಬ್ಬರೇ ಸಾಕ್ರಿ. ನಾಕ ಮಂದಿ ಕೆಲಸಾ ಒಬ್ಬರೇ ಮಾಡ್ತಾರ.' ಉಳಿದವರೂ ಅದನ್ನೇ ಒಬ್ಬರ ಹಿಂದೊಬ್ಬರು ಹೇಳಿದರು, ಒಂದೇ ಪಾಠ ಬಾಯಿಪಾಠ ಮಾಡಿದ ಹಾಗೆ. ಬಾಳವ್ವನಂತೂ ಎರಡನೆಯವರು ಬಂದರೆ ಇಬ್ಬರೂ ಮಾತಾಡುತ್ತ ಕೂಡುತ್ತಾರೆ, ಹುಡುಗರ ಗತಿ ಏನು ಎಂದಳು. ಕಿಟಕಿಯಿಂದ ಕಣ್ಣು ಬಿಟ್ಟೆ, ತಲೆ ಅಲ್ಲಾಡಿಸಿದೆ, ಕೈಸನ್ನೆ ಮಾಡಿದೆ. ಅವರೆಲ್ಲ ನನ್ನ ಕಡೆ ನೋಡಿ ಪ್ರೀತಿಯಿಂದ ನಕ್ಕರು. ಕೊನೆಗೆ ಪ್ರಭಾಕರ ಕಿಟಕಿಯ ಬಳಿ ಬಂದು, ಎಲ್ಲರ ಎದುರಿಗೇ, ನಿಮಗೆ ಒಬ್ಬರೇ ಇದ್ದು ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಇಷ್ಟು ಹೊಗಳಿದವರ ಮುಖ ನೋಡುತ್ತ ಏನು ಹೇಳುವುದು? ಮೂರು ದಿನ ಬಾಯಿ ಮುಚ್ಚದೆ ಮಾತಾಡಿದವಳು ಆ ಒಂದು ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟೆ. 'ಏನಿಲ್ರಿ' ಎಂದೆ.

ಮುಂದಿನ ವರ್ಷ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬಂದರು, ನನ್ನ ಬೆನ್ನು ತಟ್ಟುವುದೊಂದು ಬಾಕಿ. ವರದಿಯಲ್ಲಿ ನಮ್ಮ ಶಾಲೆ ಮಾದರಿ ಶಾಲೆಯಾಗಿತ್ತು. ಸಮಿತಿ ಚುರುಕಾಗಿದೆ, ಊರವರು ತೃಪ್ತರಾಗಿದ್ದಾರೆ, ಒಬ್ಬರೇ ಶಿಕ್ಷಕರಿದ್ದರೂ ಶಾಲೆ ಹೀಗೆ ನಡೆಸಬಹುದು ಎಂಬುದಕ್ಕೆ ನಾನೇ ಉದಾಹರಣೆ. ಹೊಸ ಹುದ್ದೆ ಹೊಳೆಯ ಕಡೆಯ ಇನ್ನೊಂದು ತೋಟದ ಶಾಲೆಗೆ ಹೋಯಿತು. ಅಲ್ಲಿಯ ಜನ ತಮ್ಮ ಮಾಸ್ತರರನ್ನು ಮನಸಾರೆ ಬೈದಿದ್ದರಂತೆ. ಅಲ್ಲಿ ಈಗ ಇಬ್ಬರು ಕೂತು ಊಟ ಮಾಡುತ್ತಾರೆ.

ಸಿಟ್ಟು ಬಂದದ್ದು ಸುಳ್ಳಲ್ಲ. ಸಾಹೇಬರನ್ನು ಬಸ್ಸಿಗೆ ಹತ್ತಿಸಿ ನೇರವಾಗಿ ಸಾತಪ್ಪ ಕಾಕಾರ ಹೊಲಕ್ಕೆ ಹೋದೆ. ಕಟಾವು ಮುಗಿದಿತ್ತು. ಅವರು ಕಬ್ಬಿನ ಒಣಗರಿಯ ರವದಿ ಒಟ್ಟುತ್ತಿದ್ದರು. ಯಾಕೆ ಹಾಗೆ ಹೇಳಿದಿರಿ, ನಾನು ನಿಮಗೇನು ಅನ್ಯಾಯ ಮಾಡಿದ್ದೆ ಎಂದು ಕೇಳಿದೆ. ಅವರು ಕೈಯ ಧೂಳು ಜಾಡಿಸಿಕೊಂಡರು.

'ಸಿಟ್ಟಾಗಬ್ಯಾಡ್ರಿ ಅಕ್ಕೋರ. ಎಲ್ಲಾರೂ ಕುಂತು ವಿಚಾರ ಮಾಡಿದ್ವಿ. ಇನ್ನೊಬ್ರು ಬಂದ್ರ ನೀವು ವರ್ಗಾ ಮಾಡಿಸ್ಕೊಂಡು ಹೋಕ್ಕೀರಿ. ಒಬ್ರೇ ಇದ್ರ ಸರಕಾರ ನಿಮ್ಮನ್ನ ಬಿಡಂಗಿಲ್ಲ. ಸಾಲಿಗೆ ಕೀಲಿ ಹಾಕಿ ಯಾರ್ನ ಬಿಡ್ತಾರ್ರಿ?'

ನಾನು ಹೋಗುತ್ತೇನೆಂದು ನಿಮಗೆ ಯಾರು ಹೇಳಿದರು ಎಂದೆ.

'ಯಾರೂ ಹೇಳಿಲ್ರಿ. ಕಬ್ಬ ಕಡದ ಮ್ಯಾಲೆ ನಿಮಗ ನಮ್ಮ ಮನಿ ಕಾಣಸ್ತಾವ, ನಮಗೂ ನೀವು ಕಾಣಸ್ತೀರಿ. ಸಾಲಿ ಬಿಟ್ಟ ಮ್ಯಾಲೆ ಬಾಗಲದಾಗ ನಿಂತು ಬಸ್ಸಿನ ದಾರಿ ನೋಡ್ತೀರಿ. ನಮ್ಮ ಮನಿ ಕಡೆ ಒಮ್ಮೆನೂ ನೋಡೂದಿಲ್ಲ.'

ನಿಜ ಹೇಳಬೇಕೆಂದರೆ, ಹೋಗುತ್ತಿದ್ದೆ. ಗದಗಿಗೆ ವರ್ಗಾವಣೆ ಬೇಕೆಂದು ಪ್ರತಿವರ್ಷ ಕೇಳುತ್ತಲೇ ಇದ್ದೆ, ಎರಡನೆಯವರು ಬಂದ ಮೇಲೆ ನೋಡೋಣ ಎಂದು ಆಫೀಸಿನಲ್ಲಿ ಹೇಳುತ್ತಲೇ ಇದ್ದರು. ಎದುರು ಕೂತು ಊಟ ಮಾಡುವ ಜೀವ ಬಂದ ದಿನವೇ ನಾನು ಆ ಜೀವವನ್ನು ಕಬ್ಬಿನ ನಡುವೆ ಒಂಟಿಯಾಗಿ ಕೂಡಿಸಿ ಬಸ್ಸು ಹತ್ತುತ್ತಿದ್ದೆನಲ್ಲ! ಹೀಗೆ ಯೋಚನೆ ಮಾಡಿದಾಗ ನನ್ನ ಬಗ್ಗೆ ನನಗೇ ಅಷ್ಟೇನೂ ಗೌರವ ಉಳಿಯಲಿಲ್ಲ. ಕಾಕಾರ ಮನೆಯವರು ಕೊಟ್ಟ ಹಾಲು ಕುಡಿದು ಸುಮ್ಮನೆ ಬಂದೆ.

ಅದಾಗಿ ವರ್ಷಗಳು ಕಳೆದವು. ತೊಂಬತ್ತರ ದಶಕ ಬಂತು, ತೋಟದ ಮನೆಗಳಿಗೆ ಟಿವಿ ಬಂತು, ಎರಡನೆಯ ಶಿಕ್ಷಕರು ಮಾತ್ರ ಬರಲಿಲ್ಲ. ಹೋದ ತಿಂಗಳು ಇನ್ನೊಂದು ಸಂಶೋಧನೆಯವರು ಬಂದರು. ಈ ಸಲ ಬಂದವಳು ಚುರುಕಾದ ಹುಡುಗಿ. ಅವಳ ಕಾಗದದ ತುಂಬ ಚೌಕಗಳು, ಗುರುತು ಹಾಕಿದರೆ ಆಯಿತು, ಚಹಾ ಕುಡಿಯಲೂ ಪುರುಸೊತ್ತಿಲ್ಲ. ಸಾತಪ್ಪ ಕಾಕಾ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಿದ್ದರು. ಎರಡನೆಯ ಶಿಕ್ಷಕರು ಬೇಕೇ ಎಂದು ಹುಡುಗಿ ಕೇಳಿದಳು. ಕಾಕಾ ಪಟಕಾಕ್ಕೆ ಕೈ ಹಾಕುವ ಮೊದಲೇ ನಾನು ಹೇಳಿದೆ: 'ಬೇಕ್ರಿ. ಹೋಗಾಕಲ್ಲ, ಮಾತಾಡಾಕ.'

ಹುಡುಗಿ ಯಾವ ಚೌಕ ಎಂದು ಹುಡುಕಿದಳು. ಅಂಥದೊಂದು ಇರಲಿಲ್ಲ. 'ಇತರೆ' ಎಂದಿದ್ದ ಕಡೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದಳು. ಕಾಕಾ ಮಾತ್ರ ನನ್ನನ್ನೇ ನೋಡುತ್ತ ಕೂತಿದ್ದರು.

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಬಂದರು. ಕಟ್ಟೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡು ಮಾತಾಡತೊಡಗಿದರು. ಕಾರ್ಖಾನೆಯವರು ಕಟಾವಿಗೆ ಯಾರಿಗೆ ಮೊದಲು ಪಾಳಿ ಕೊಟ್ಟರು, ಕೆಂಪು ಎಮ್ಮೆ ಯಾಕೆ ಒದೆಯುತ್ತದೆ, ಬೋರಗಾಂವದ ಬೀಗರು ಮದುವೆಯಲ್ಲಿ ಏನೆಂದರು, ಅದಕ್ಕೆ ತಾವು ಏನೆಂದರು, ಏನೆನ್ನಬೇಕಾಗಿತ್ತು. ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಅಂದಿನಿಂದ ದಿನವೂ ಬರುತ್ತಾರೆ. ಕೆಂಪು ಎಮ್ಮೆಯ ಕಥೆ ನನಗೆ ಮಗ್ಗಿಯಂತೆ ಬರುತ್ತದೆ. ಮೂರನೆಯ ತರಗತಿಯವರಿಗೂ ಬರುತ್ತದೆ. ಈಗ ನಿಜವಾಗಿಯೂ ನನ್ನ ಶಾಲೆಗೆ ಎರಡನೆಯ ಶಿಕ್ಷಕರು ಅತ್ಯವಶ್ಯಕ, ಒಬ್ಬರು ಪಾಠ ಮಾಡಲು, ಒಬ್ಬರು ಅಧ್ಯಕ್ಷರ ಮಾತು ಕೇಳಲು. ಹೀಗೆಂದು ಅರ್ಜಿ ಬರೆಯಲೇಬೇಕು ಎಂದು ನಿನ್ನೆ ಬೆಳಿಗ್ಗೆಯೇ ನಿರ್ಧಾರ ಮಾಡಿದ್ದೆ.

ನಿನ್ನೆ ಕಾಕಾ ಬರಲಿಲ್ಲ. ಅಥಣಿ ಪೇಟೆಗೆ ಹೋಗಿದ್ದರಂತೆ. ಬುತ್ತಿ ಬಿಚ್ಚಿ ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಆಮೇಲೆ ಎದ್ದು ಬಾಗಿಲಿಗೆ ಹೋಗಿ ನಿಂತೆ. ಕಬ್ಬು ಆಳೆತ್ತರ ಬೆಳೆದು ನಿಂತಿದೆ, ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದರೂ ಅವರ ಮನೆಯ ಕಡೆಗೇ ನೋಡುತ್ತಿದ್ದೆ.