ಅಗ್ಗಿಷ್ಟಿಕೆಗೊಂದು ಕಿಂಡಿ

ಲಕ್ಕಿ ಡ್ರಾದಲ್ಲಿ ಫ್ರಿಜ್ ಬರಲೆಂದು ಕೊಟ್ರಬಸಪ್ಪ ಉರುಕುಂದದ ಈರಣ್ಣನಿಗೆ ಹರಕೆ ಹೊತ್ತಿದ್ದ. ಬಂದದ್ದು ಗ್ಯಾಸ್ ಅಗ್ಗಿಷ್ಟಿಕೆ. ಕೋಣೆ ಬೆಚ್ಚಗಿಡುವ, ಗಾಜಿನ ಮುಖದ ಕಬ್ಬಿಣದ ಪೆಟ್ಟಿಗೆ. ಆದವಾನಿಯಲ್ಲೋ ವರ್ಷದ ಮುಕ್ಕಾಲು ಭಾಗ ಸೂರ್ಯನೇ ಪುಕ್ಕಟೆ ಕಾಯಿಸುತ್ತಾನೆ. ಹತ್ತಿ ಮಾರ್ಕೆಟ್ಟಿನಲ್ಲಿ ಅವನ ಜೊತೆ ತೂಕ ಹಾಕುವವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಕೊಟ್ರಬಸಪ್ಪ ನಗಲಿಲ್ಲ. ಅವನ ತಾಯಿ ಮಹಾಂತಮ್ಮ ಪುಷ್ಯದ ಚಳಿಗೆ ಕೌದಿ ಮೇಲೆ ಕೌದಿ ಹೊದ್ದರೂ ನಡುಗುತ್ತಿದ್ದಳು. "ನಿನ್ ಪಾಲಿಗೆ ಬಂದು ಥಂಡ್ಯಾಗ ಸಾಯಾಕತ್ತೀನಿ" ಎಂದು ದಿನಾ ಚುಚ್ಚುತ್ತಿದ್ದಳು. ಅಣ್ಣತಮ್ಮಂದಿರು ಬೇರೆಯಾದಾಗ ಬೀದಿ ಕಡೆಯ ಅರ್ಧ ಮನೆ, ಅಂಗಳ, ಇಡೀ ಮಾಳಿಗೆ ಅಣ್ಣ ಚಂದ್ರಣ್ಣನಿಗೆ ಹೋಗಿದ್ದವು. ಹಿಂದಿನ ಅರ್ಧ ಮನೆ ಮತ್ತು ತಾಯಿ ಇವನಿಗೆ. ಆಕೆಯ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳಿಬಿಟ್ಟರೆ ಸಾಕು ಎಂಬುದೇ ಅವನ ಆಸೆ.

ಬೆಳಿಗ್ಗೆ ಫಿಟ್ಟರ್ ತಿರುಮಲೇಶ್ ಬಂದ. "ಹೊಗಿ ಹೊರಗ ಹೋಗಾಕ ಮೂರು ದಾರಿ ಅದಾವಣ್ಣಾ. ಮಾಳಗಿ ಮ್ಯಾಲ ಪೈಪ್ ಬಿಡಬೇಕು, ಇಲ್ಲಾ ಗ್ವಾಡಿಗೆ ತೂತು ಹಾಕಬೇಕು, ಇಲ್ಲಾ ಪೈಪೇ ಇಲ್ದಂಗ ಇಡಬೇಕು. ಮಾಳಗಿ ಆದ್ರ ಬೆಸ್ಟು."

ಡ್ರಿಲ್ಲಿನ ಸದ್ದಿಗೆ ಚಂದ್ರಣ್ಣ ಲುಂಗಿ ಎತ್ತಿಕೊಂಡು ಓಡಿಬಂದ. "ಏಯ್! ನನ್ ಮಾಳಗಿ ಕೊರಿತಿಯೇನೋ?"

"ಅವ್ವಗ ಚಳಿ ಅಣ್ಣಾ..."

"ಅವ್ವ ನಿನ್ ಪಾಲಿಗೆ ಬಂದಾಳ. ಏನ್ ತೂತು ಹಾಕೋದಿದ್ರೂ ನಿನ್ ಪಾಲಿನಾಗ ಹಾಕ್ಕೋ."

ಸರಿ, ಗೋಡೆ. ಒಂದು ಇಟ್ಟಿಗೆ ಕಳಚುತ್ತಲೇ ಆ ಕಡೆಯಿಂದ ಬೆಳ್ಳಗೆ ಹತ್ತಿ ಹೊರಗಿಣುಕಿತು. ಪಕ್ಕದ ಮನೆಯ ಹನುಮಂತು ರೇಟು ಏರಲೆಂದು ಫಸಲನ್ನೆಲ್ಲ ಮನೆಯೊಳಗೇ ಸೂರಿನವರೆಗೆ ತುಂಬಿಟ್ಟಿದ್ದ. ಹತ್ತಿಯ ಹಿಂದಿನಿಂದ ಅವನ ದನಿ ಗುಡುಗಿತು: "ನಾ ರೇಟಿಗೆ ಕಾಯಾಕತ್ತೀನಿ, ನೀ ಬೆಂಕಿ ಇಡಾಕತ್ತೀಯಾ? ಬರ್ರೆಪ್ಪೋ, ನೋಡ್ರಿ!"

ಓಣಿಯೇ ನೆರೆಯಿತು. ಬಂದವರೆಲ್ಲ ಬುದ್ಧಿ ಹೇಳಿದರು, ಚಹಾ ಕುಡಿದರು. ಹನುಮಂತು ಎದುರಿಗೇ ನಿಂತು ಇಟ್ಟಿಗೆಯನ್ನು ವಾಪಸ್ಸು ಕೂಡಿಸಿ ಸಿಮೆಂಟು ಬಳಿಸಿದ.

"ಪರ್ವಾಲೇದಣ್ಣಾ, ಪೈಪ್ ಇಲ್ದಂಗೂ ನಡಿತೈತಿ" ಎಂದ ತಿರುಮಲೇಶ್. "ಆದ್ರ ಉರಿಯೋತನಕ ಹಿಂದಿನ ಬಾಗಿಲು, ಮುಂದಿನ ಕಿಟಕಿ ಎರಡೂ ತೆರೆದೇ ಇರಬೇಕು. ಮುಚ್ಚಿದ್ರ ಜೀವಕ್ಕ ಅಪಾಯ."

ಸಂಜೆ ಕಿಟಕಿಯ ಕೆಳಗೆ ಅಗ್ಗಿಷ್ಟಿಕೆ ಹೊತ್ತಿತು. ಮಗನ ಮುಖವೂ ಬೆಳಗಿತು. ಅಷ್ಟರಲ್ಲಿ ಹಿತ್ತಿಲ ಗಾಳಿ ಬಾಗಿಲಿಂದ ನುಗ್ಗಿ, ಮಹಾಂತಮ್ಮನ ಮೈಮೇಲೆ ಹಾದು, ಇದ್ದಬದ್ದ ಬಿಸಿಯನ್ನೆಲ್ಲ ಬಾಚಿಕೊಂಡು ಕಿಟಕಿಯಿಂದ ಹೊರಟುಹೋಯಿತು. ಆಕೆಯ ಉಳಿದಿದ್ದ ನಾಲ್ಕು ಹಲ್ಲೂ ಕಟಕಟ ಎಂದವು. ಕೌದಿ ಬಾಚಿಕೊಂಡು ಎದ್ದುಹೋದಳು.

ಎಷ್ಟು ಹೊತ್ತಾದರೂ ಬರಲಿಲ್ಲ. ಗಾಬರಿಯಾಗಿ ಕೊಟ್ರಬಸಪ್ಪ ಕಿಟಕಿಯಿಂದ ಹೊರಗೆ ಬಗ್ಗಿದ.

ಕಿಟಕಿ ತೆರೆಯುತ್ತಿದ್ದದ್ದು ಅಣ್ಣನ ಅಂಗಳಕ್ಕೆ. ಅಲ್ಲಿ ಚಂದ್ರಣ್ಣ ಅಂಗಿ ಬಿಚ್ಚಿ, ಮಂಚ ಹಾಕಿಕೊಂಡು, ಕಿಟಕಿಯ ಬಿಸಿಗೆ ಅಂಗೈ ಕಾಯಿಸುತ್ತಾ ಕೂತಿದ್ದ. ಪಕ್ಕದಲ್ಲಿ ಕೌದಿ ಕಿತ್ತೆಸೆದ ಮಹಾಂತಮ್ಮ.

"ನೋಡೋ ಕೊಟ್ರಾ, ಹಿರಿಮಗ ಅಂದ್ರ ಇವ!" ಎಂದಳು ತಾಯಿ, ಕಣ್ಣು ತುಂಬಿಕೊಂಡು. "ಬಯಲಾಗ ಕುಂದ್ರಿಸಿದ್ರೂ ಎಷ್ಟ್ ಬೆಚ್ಚಗ ಇಟ್ಟಾನ!"

ಕೊಟ್ರಬಸಪ್ಪ ಒಮ್ಮೆ ಕಾಲ ಬಳಿಯ ಅಗ್ಗಿಷ್ಟಿಕೆಯನ್ನು ನೋಡಿದ, ಒಮ್ಮೆ ಅಣ್ಣನನ್ನು.

"ತಮ್ಮಾ," ಎಂದ ಚಂದ್ರಣ್ಣ, ಕಾಲು ಚಾಚುತ್ತಾ. "ಉರಿ ಒಂಚೂರು ಜಾಸ್ತಿ ಮಾಡು. ಅವ್ವಗ ಕಾಲು ಇನ್ನಾ ತಣ್ಣಗ ಅದಾವು."

ಕೊಟ್ರಬಸಪ್ಪ ಹಿತ್ತಿಲ ಗಾಳಿಗೆ ನಡುಗುತ್ತಾ ತಿರುಪು ತಿರುಗಿಸಿದ.